ಹೊಸ ಬಂದೂಕಿನ ಶಿಸ್ತು

ದುದ್ದದಿಂದ ಗೆಳೆಯನ ಫೋನು ಬಂದಾಗ ನಾನು ಕಥೆಯೊಂದರ ಕೊನೆಯ ಪುಟದಲ್ಲಿ ಸಿಕ್ಕಿಕೊಂಡಿದ್ದೆ. "ಭಾನುವಾರ ಬಾರೋ. ಒಂದು ಕೆಲಸ ಐತೆ. ನೀನೇ ಆಗ್ಬೇಕು" ಎಂದ. ನನ್ನನ್ನು ಹೀಗೆ ಕರೆಯುವವರು ಸಾಮಾನ್ಯವಾಗಿ ಅರ್ಜಿ ಬರೆಸುವವರು, ಇಲ್ಲವೇ ಅಜ್ಜನ ಕಾಲದ ಉರ್ದು ಕಾಗದ ಓದಿಸುವವರು. ಅಂಥದ್ದೇ ಏನೋ ಇರಬೇಕೆಂದು ಹೊರಟೆ. ಹಾಸನದಿಂದ ಅರಸೀಕೆರೆ ಕಡೆಯ ಬಸ್ಸು ಹತ್ತಿದರೆ ನನ್ನೂರು ದೂರವೇನಲ್ಲ. ದಾರಿಯುದ್ದಕ್ಕೂ ರಾಗಿ ಕೊಯ್ಲಿನ ಹೊಲಗಳು, ಆಲೂಗಡ್ಡೆ ಕಿತ್ತು ಬರಿದಾದ ಕೆಂಪು ನೆಲ. ಅದು 2023ರ ಡಿಸೆಂಬರ್.

ಗೆಳೆಯನ ಮನೆಯ ಜಗಲಿಯ ಮೇಲೆ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದಿತ್ತು. ಅವನು ಮುಚ್ಚಳ ತೆಗೆದ. ಎಣ್ಣೆಕಾಗದದಲ್ಲಿ ಸುತ್ತಿದ, ಮೈತುಂಬ ಗ್ರೀಸು ಮೆತ್ತಿಕೊಂಡ ಹೊಸ ರೈಫಲ್ಲು. ಪಾಯಿಂಟ್ ಮೂರು ಒಂದು ಐದು. ಇಷಾಪುರದ ಕಾರ್ಖಾನೆಯದು.

"ಎನ್‌ಸಿಸಿಯಲ್ಲಿ ನಮ್ಮ ಬ್ಯಾಚಿಗೆಲ್ಲ ನಿನ್ನದೇ ಗ್ರೂಪಿಂಗ್ ಅಲ್ವೇನೋ? ಇದರ ಗುರಿ ಕೂರಿಸಿಕೊಡು" ಎಂದ.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಅದನ್ನು ಗಮನಿಸಲಿಲ್ಲ.

ಅವನಿಗೆ ರೈಫಲ್ಲು ಯಾಕೆ ಎಂದು ಓದುಗರು ಕೇಳಬಹುದು. ನಾನೂ ಕೇಳಿದೆ. ದುದ್ದದ ಜಮೀನಿಗಂತೂ ಅಲ್ಲ. ಮಾವನ ಕಡೆಯಿಂದ ಸಕಲೇಶಪುರದ ಆಚೆ ಇವನ ಪಾಲಿಗೆ ಒಂದಿಷ್ಟು ಕಾಫಿ ತೋಟ ಬಂದಿದೆ. ಒಂಟಿ ಮನೆ, ಕಾಫಿ ಕೊಯ್ಲಿನ ಕಾಲದಲ್ಲಿ ಕೈಯಲ್ಲಿ ದುಡ್ಡು, ಕಳ್ಳರ ಭಯ. ಸ್ವರಕ್ಷಣೆಗೆಂದು ಅರ್ಜಿ ಹಾಕಿ, ವಿಚಾರಣೆ ಮುಗಿದು, 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಸುರಕ್ಷತೆಯ ತರಬೇತಿ ಪಡೆದು, ಪರವಾನಗಿ ಕೈಗೆ ಬರುವ ಹೊತ್ತಿಗೆ ಅವನ ಮೀಸೆ ನರೆತಿತ್ತು. "ಆನೆಗೆ ಅಂತ ಮಾತ್ರ ತಿಳ್ಕೋಬೇಡ" ಎಂದು ತಾನೇ ಹೇಳಿದ. ಆನೆಗೆ ಬಂದೂಕು ಉತ್ತರವಲ್ಲ ಎಂಬುದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ವರ್ಷದ ಆಗಸ್ಟ್ ಕೊನೆಯಲ್ಲಷ್ಟೇ, ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಕಾಡಾನೆಗೆ ಅರಿವಳಿಕೆ ಚುಚ್ಚುಮದ್ದು ಹಾರಿಸಲು ಹೋದ 'ಆನೆ ವೆಂಕಟೇಶ್' ಅದೇ ಆನೆಯ ದಾಳಿಗೆ ಬಲಿಯಾಗಿದ್ದರು. ಎಷ್ಟೋ ಆನೆಗಳಿಗೆ ಗುರಿ ತಪ್ಪದೆ ಮದ್ದು ಹಾರಿಸಿದ್ದ ಕೈ ಅದು.

ನಾನು ಒಪ್ಪಿಕೊಳ್ಳುವ ಮೊದಲು ಎರಡು ಮಾತು ಹೇಳಿದೆ. ಪರವಾನಗಿ ನಿನ್ನದು, ನೀನು ಎದುರಿಗಿಲ್ಲದೆ ನಾನು ಇದನ್ನು ಮುಟ್ಟುವುದಿಲ್ಲ. ಗುಂಡು ಹಾರಿಸುವವನೂ ನೀನೇ. ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ ಅಷ್ಟೆ. "ಅದ್ಯಾಕೋ ಅಷ್ಟೊಂದು ಕಾನೂನು?" ಎಂದು ನಕ್ಕ. ನಾನು ನಗಲಿಲ್ಲ.

*

ಹೊಸ ರೈಫಲ್ಲನ್ನು ಪೆಟ್ಟಿಗೆಯಿಂದ ತೆಗೆದು ನೇರ ಗುಂಡು ತುಂಬುವಂತಿಲ್ಲ. ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಿರಲೆಂದು ಬಳಿದ ಗ್ರೀಸು ನಳಿಗೆಯ ಒಳಗೂ ಇರುತ್ತದೆ. ನಳಿಗೆ ಕಟ್ಟಿಕೊಂಡಿದ್ದಾಗ ಗುಂಡು ಹಾರಿಸಿದರೆ ಒತ್ತಡ ಏರಿ ನಳಿಗೆಯೇ ಸೀಳಬಹುದು. ಆದ್ದರಿಂದ ಮೊದಲ ಕೆಲಸ ಒರೆಸುವುದು. ಸೀಮೆಎಣ್ಣೆ ಸಿಗಲಿಲ್ಲ, ಡೀಸೆಲ್ ತಂದ. ಹಳೆಯ ಬನಿಯನ್ನು ಹರಿದು ಚಿಂದಿ ಮಾಡಿ, ಸರಳಿಗೆ ಸಿಕ್ಕಿಸಿ, ಹಿಂದಿನಿಂದ ಮುಂದಕ್ಕೆ ಎಳೆದೆವು. ಮೊದಲ ಚಿಂದಿ ಕಂದು ಬಣ್ಣದ ಮುದ್ದೆಯಾಗಿ ಬಂತು. ಹದಿನೈದನೆಯದು ಬೆಳ್ಳಗೆ ಬಂತು.

ಆಮೇಲೆ ಬೋಲ್ಟು. ಬಾಗಿಲಿನ ಅಗುಳಿಯ ಹಾಗೆ ಹಿಡಿ ಎತ್ತಿ ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಿ, ಇಳಿಸಿ ಕೂರಿಸುವ ಉಕ್ಕಿನ ದಿಂಡು ಅದು. ಗುಂಡನ್ನು ಕೋಣೆಗೆ ದೂಡುವುದೂ, ಸ್ಫೋಟದ ಹೊತ್ತಿನಲ್ಲಿ ಬಾಗಿಲು ಭದ್ರವಾಗಿ ಹಿಡಿಯುವುದೂ, ಖಾಲಿ ಕೊಳವೆಯನ್ನು ಎಳೆದು ಹೊರಗೆಸೆಯುವುದೂ ಅದೇ. ಹೊಸದರಲ್ಲಿ ಬಿಗಿಯಾಗಿರುತ್ತದೆ. ಬೋಲ್ಟಿನ ಮೇಲಿನ ಸಂಖ್ಯೆ, ಮೈಮೇಲಿನ ಸಂಖ್ಯೆ, ಪರವಾನಗಿ ಪುಸ್ತಕದ ಸಂಖ್ಯೆ ಮೂರನ್ನೂ ಹೋಲಿಸಿ ನೋಡಿದೆವು. ಒಂದು ರೈಫಲ್ಲಿನ ಬೋಲ್ಟು ಇನ್ನೊಂದಕ್ಕೆ ಹಾಕುವ ವಸ್ತುವಲ್ಲ. ಅಂತರ ಕೂದಲೆಳೆಯಷ್ಟು ಹೆಚ್ಚಾದರೂ ಕೊಳವೆ ಒಡೆಯಬಹುದು. ನಂತರ ಒಂದೆರಡು ತೊಟ್ಟು ಎಣ್ಣೆ ಬಿಟ್ಟು, ಖಾಲಿ ರೈಫಲ್ಲಿನಲ್ಲಿ ನೂರು ಸಲ ಎಳೆ, ತಳ್ಳು ಎಂದೆ. ಎಪ್ಪತ್ತರ ಹೊತ್ತಿಗೆ ಅದರ ಸದ್ದು ಬದಲಾಯಿತು. ಕರಕರ ಎನ್ನುತ್ತಿದ್ದದ್ದು ಸರಕ್ ಎನ್ನತೊಡಗಿತು.

ಈ ಅಳತೆಯ ಹಿಂದೆ ಒಂದು ಕಥೆಯಿದೆ. ಬ್ರಿಟಿಷರು 1878ರಲ್ಲಿ ಶಸ್ತ್ರಾಸ್ತ್ರ ಕಾಯಿದೆ ತಂದು ಭಾರತೀಯರು ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳದಂತೆ ಮಾಡಿದರು; ಯುರೋಪಿಯನ್ನರಿಗೆ ವಿನಾಯಿತಿ ಇತ್ತು. ಮುಂದೆ ಸೈನ್ಯ ಬಳಸುವ ಪಾಯಿಂಟ್ ಮೂರು ಸೊನ್ನೆ ಮೂರರ ಅಳತೆಯನ್ನು ಜನಸಾಮಾನ್ಯರು ಇಟ್ಟುಕೊಳ್ಳುವುದನ್ನೇ ನಿಷೇಧಿಸಿದರು. ದಂಡಿನಿಂದ ಕದ್ದ ಮದ್ದುಗುಂಡು ಊರವರ ಬಂದೂಕಿಗೆ ಹೊಂದಬಾರದು, ಅಷ್ಟೇ ಕಾರಣ. ಆಗ ಬೇಟೆಯ ಬಂದೂಕು ಮಾಡುವವರು ಆಸ್ಟ್ರಿಯಾದ ಸೈನ್ಯದ 8 ಮಿಲಿಮೀಟರ್ ಮಾನ್ಲಿಚರ್ ತೋಟೆಯನ್ನು ಹಿಡಿದುಕೊಂಡರು. ಅದೇ ನಮ್ಮಲ್ಲಿ ಪಾಯಿಂಟ್ ಮೂರು ಒಂದು ಐದು ಎಂಬ ಹೆಸರಿನಿಂದ ಉಳಿಯಿತು. ಮೈಯೆಲ್ಲ ಸೈನ್ಯದ ಲೀ-ಎನ್‌ಫೀಲ್ಡಿನದೇ, ಕಂಠ ಮಾತ್ರ ಬೇರೆ. ಸ್ವಾತಂತ್ರ್ಯ ಬಂತು, 1959ರಲ್ಲಿ ಹೊಸ ಕಾಯಿದೆ ಬಂತು, ಅಳತೆ ಹಾಗೇ ಉಳಿಯಿತು. ಇಷಾಪುರದ ರೈಫಲ್ ಕಾರ್ಖಾನೆ ಬಂಗಾಳದ ಹೂಗ್ಲಿ ದಂಡೆಯಲ್ಲಿದೆ. 2021ರಿಂದ ಅದು ಕಾನ್ಪುರದ ಹೊಸ ಸರ್ಕಾರಿ ಕಂಪನಿಯೊಂದರ ಅಡಿಯಲ್ಲಿದೆ.

ಇದನ್ನು ಗೆಳೆಯನಿಗೆ ಹೇಳಿದಾಗ ಅವನು, "ಅಂದ್ರೆ ನಮ್ಮ ಮೇಲೆ ನಂಬಿಕೆ ಇಲ್ದೆ ಹುಟ್ಟಿದ ಕೋವಿ ಅನ್ನು" ಎಂದ. ಹೌದು, ಅಪನಂಬಿಕೆಗೂ ಒಂದು ಅಳತೆ ಇರುತ್ತದೆ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

*

ನಾನು ಹಿಂದೆ ಸರಿದ ಎರಡು ಹೆಜ್ಜೆಯ ವಿಷಯಕ್ಕೆ ಬರುತ್ತೇನೆ.

ನಾನು ಐದನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿದೆ, ಮುಂದೆ ಕನ್ನಡದಲ್ಲಿ. ಹಾಸನದ ಕಾಲೇಜು ಸೇರಿ ಎನ್‌ಸಿಸಿಗೆ ಹೆಸರು ಕೊಟ್ಟಾಗ ಉರ್ದು ಅನಿರೀಕ್ಷಿತವಾಗಿ ನೆರವಿಗೆ ಬಂತು. ಫೈರಿಂಗ್ ಕಲಿಸುವ ಹವಾಲ್ದಾರರು ಉತ್ತರದವರು. ನಾವು ಅವರನ್ನು ಉಸ್ತಾದ್ ಎನ್ನುತ್ತಿದ್ದೆವು, ಸೈನ್ಯದಲ್ಲಿ ಹಾಗೇ ಕರೆಯುವುದು. ಅವರ ಪಾಠವೆಲ್ಲ ಹಿಂದೂಸ್ತಾನಿಯಲ್ಲಿ. ನಮ್ಮ ಹಳ್ಳಿ ಹುಡುಗರು ಕಣ್ಣು ಕಣ್ಣು ಬಿಡುತ್ತಿದ್ದರೆ ನನಗೆ ಒಂದೊಂದು ಪದವೂ ಮನೆಯದಾಗಿತ್ತು. ಗುರಿಹಲಗೆ 'ನಿಶಾನಾ'. ನಳಿಗೆಯ ತುದಿಯಲ್ಲಿ ಸಣ್ಣಗೆ ಎದ್ದು ನಿಂತ ಮೊಳೆಗೆ ಉರ್ದುವಿನಲ್ಲಿ 'ಮಖ್ಖೀ', ಅಂದರೆ ನೊಣ. ದೂರದಿಂದ ನೋಡಿದರೆ ನಿಜಕ್ಕೂ ನಳಿಗೆಯ ತುದಿಗೆ ನೊಣ ಕೂತ ಹಾಗೇ ಕಾಣುತ್ತದೆ. ಗುರಿ ಹಿಡಿಯುವುದಕ್ಕೆ 'ಶಿಸ್ತ್ ಲೇನಾ'.

ಶಿಸ್ತ್! ಮೊದಲ ದಿನ ಅದನ್ನು ಕೇಳಿದ ನಮ್ಮ ಹುಡುಗರೆಲ್ಲ ನೆಟ್ಟಗೆ ನಿಂತರು. ಶಿಸ್ತಿನಿಂದಿರಿ ಎಂದು ಬೈಯುತ್ತಿದ್ದಾರೆ ಎಂದು ಅವರು ತಿಳಿದಿದ್ದರು. ನನಗೆ ನಗು ಬಂತು. ಆದರೆ ರಾತ್ರಿ ಯೋಚಿಸಿದಾಗ ಎರಡೂ ಒಂದೇ ಪದ ಎನ್ನಿಸಿತು. ಪಾರಸಿಯಲ್ಲಿ ಅದು ಹೆಬ್ಬೆರಳು, ಬಿಲ್ಲುಗಾರ ಹೆದೆ ಎಳೆಯಲು ಹೆಬ್ಬೆರಳಿಗೆ ತೊಡುವ ಉಂಗುರ, ಅಲ್ಲಿಂದ ಗುರಿ. ಮರಾಠಿಗೆ ಬಂದು ಗುರಿಯೂ ಆಯಿತು, ನಡವಳಿಕೆಯ ಕ್ರಮವೂ ಆಯಿತು. ಕನ್ನಡದಲ್ಲಿ ಗುರಿ ಬಿದ್ದುಹೋಗಿ ಕ್ರಮ ಮಾತ್ರ ಉಳಿಯಿತು. ಕೆಳದಿಯ ಶಿವಪ್ಪ ನಾಯಕ ಹದಿನೇಳನೆಯ ಶತಮಾನದಲ್ಲಿ ಹೊಲಗದ್ದೆಗಳನ್ನು ಅಳೆಯಿಸಿ ನಿಗದಿ ಮಾಡಿದ ಕಂದಾಯವನ್ನು ನಾವು ಇಂದಿಗೂ 'ಶಿವಪ್ಪ ನಾಯಕನ ಶಿಸ್ತು' ಎನ್ನುತ್ತೇವಲ್ಲ. ಅಂದಾಜಿಗಲ್ಲ, ಅಳೆದು ಹೇಳಿದ್ದು ಶಿಸ್ತು.

ನಮಗೆ ಕೊಡುತ್ತಿದ್ದುದು ಪಾಯಿಂಟ್ ಎರಡು ಎರಡರ ಸಣ್ಣ ಬೋಲ್ಟ್ ರೈಫಲ್ಲು. ಇಪ್ಪತ್ತೈದು ಗಜ ದೂರದ ಕಾಗದಕ್ಕೆ ಐದು ಗುಂಡು. ಐದೂ ತೂತು ಎಷ್ಟು ಹತ್ತಿರ ಬಿದ್ದಿವೆ ಎಂದು ಅಳೆಯುವುದೇ ಗ್ರೂಪಿಂಗ್. ಕರಿ ವೃತ್ತದ ನಡುವೆ ಬಿದ್ದವೋ ಇಲ್ಲವೋ ಆಮೇಲಿನ ಮಾತು. ಉಸ್ತಾದರು ಇದನ್ನು ಎಷ್ಟು ಸಲ ಹೇಳಿದರೂ ಸಾಕಾಗುತ್ತಿರಲಿಲ್ಲ. ಐದು ತೂತು ಒಂದೇ ಕಡೆ ಗುಂಪಾಗಿ, ಆದರೆ ನಡುವಿನಿಂದ ದೂರ ಬಿದ್ದಿದ್ದರೆ ತಪ್ಪು ನಿನ್ನದಲ್ಲ, ಬಂದೂಕಿನ ಮಖ್ಖೀದು. ಅದನ್ನು ಸರಿಸಿದರೆ ಸಾಕು. ತೂತುಗಳು ಚೆಲ್ಲಾಪಿಲ್ಲಿಯಾಗಿದ್ದರೆ ಮಖ್ಖೀ ಮುಟ್ಟಬೇಡ, ತಪ್ಪು ನಿನ್ನ ಉಸಿರಿನದು, ನಿನ್ನ ಬೆರಳಿನದು. ಇನ್ನೊಂದು ಮಾತು: "ಏಕ್ ಗೋಲಿ ದೇಖ್ ಕರ್ ಫೈಸಲಾ ಮತ್ ಕರೋ." ಒಂದು ಗುಂಡು ನೋಡಿ ತೀರ್ಪು ಕೊಡಬೇಡ.

ನನ್ನ ಐದು ತೂತುಗಳ ಮೇಲೆ ಒಂದು ಸಲ ನಾಲ್ಕಾಣೆ ಇಟ್ಟರೆ ಎಲ್ಲವೂ ಮುಚ್ಚಿಹೋದವು. ಉಸ್ತಾದರು ಬೆನ್ನು ತಟ್ಟಿದರು. ಅದು 1999ರ ಜುಲೈ. ಕಾರ್ಗಿಲ್ ಯುದ್ಧದ ದಿನಗಳು. ವಾಪಸು ಬರುವಾಗ ಲಾರಿಯಲ್ಲಿ ಯಾರೋ ಒಬ್ಬ, "ಗುರಿಯೇನೋ ಚೆನ್ನಾಗೈತೆ. ಆದ್ರೆ ಯಾವ ಕಡೆಗೆ ಇಡ್ತಾನೋ!" ಎಂದ. ಲಾರಿ ತುಂಬ ನಗು. ದುದ್ದದಿಂದ ನನ್ನ ಜೊತೆಗೇ ಬಂದು, ನನ್ನ ಪಕ್ಕದಲ್ಲೇ ಕೂತಿದ್ದ ಗೆಳೆಯನೂ ನಕ್ಕ.

ನಾನೂ ನಕ್ಕೆ. ಅದನ್ನು ಹೇಳದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ.

ಮನೆಗೆ ಬಂದು ಅಮ್ಮಿಗೆ ಏನನ್ನೂ ಹೇಳಲಿಲ್ಲ. ಎನ್‌ಸಿಸಿಗೆ ಸೇರುವಾಗಲೇ ಅವಳು "ನಕ್ಕೋ ಬೇಟಾ, ಬಂದೂಕ್ ಕಾ ಕಾಮ್ ನಕ್ಕೋ" ಎಂದಿದ್ದಳು. ಬಿ ಸರ್ಟಿಫಿಕೇಟು ಮುಗಿಸಿ ಸಿ ಸರ್ಟಿಫಿಕೇಟಿಗೆ ಹೋಗಲೇ ಇಲ್ಲ. ಕಾರಣ ಕೇಳಿದವರಿಗೆ ಪರೀಕ್ಷೆ ಹತ್ತಿರ ಬಂತು ಎಂದೆ.

*

ಜಗಲಿಯ ಮೇಲಿನ ಕೆಲಸಕ್ಕೆ ಮರಳುತ್ತೇನೆ. ಒಂದೂ ಗುಂಡು ಹಾರಿಸದೆ ಗುರಿಯನ್ನು ಅರ್ಧ ಕೂರಿಸುವ ಉಪಾಯವೊಂದಿದೆ. ಬೋಲ್ಟನ್ನು ಪೂರ್ತಿ ಹೊರತೆಗೆದು ಪಕ್ಕಕ್ಕಿಟ್ಟರೆ ರೈಫಲ್ಲು ಬರೀ ಕೊಳಾಯಿ. ಎರಡು ಆಲೂಗಡ್ಡೆ ಮೂಟೆಯ ಮೇಲೆ ಅದನ್ನು ಅಲುಗದಂತೆ ಕೂರಿಸಿದೆವು. ಐವತ್ತು ಹೆಜ್ಜೆಯಾಚೆ, ಅವನದೇ ತೋಟದ ತೆಂಗಿನ ಮರಕ್ಕೆ ಸುಣ್ಣದಲ್ಲಿ ಒಂದು ಬೊಟ್ಟಿಟ್ಟು ಬಂದೆ. ಹಿಂದಿನಿಂದ ನಳಿಗೆಯೊಳಗೆ ಕಣ್ಣಿಟ್ಟು, ಆ ಬೊಟ್ಟು ಬೆಳಕಿನ ಉಂಗುರದ ನಟ್ಟನಡುವೆ ಬರುವಂತೆ ಮೂಟೆ ಒತ್ತಿ ಸರಿಪಡಿಸುವುದು. ಆಮೇಲೆ ತಲೆ ಎತ್ತಿ ಮೇಲಿನ ನೋಟದಲ್ಲಿ ನೋಡುವುದು. ನಳಿಗೆ ನೋಡುವುದೂ ಮಖ್ಖೀ ನೋಡುವುದೂ ಒಂದೇ ಬೊಟ್ಟಾದರೆ ಸರಿ.

ನಮ್ಮದು ಒಂದಾಗಲಿಲ್ಲ. ನಳಿಗೆ ಬೊಟ್ಟನ್ನು ನೋಡುತ್ತಿದ್ದರೆ ಮಖ್ಖೀ ಬಲಗಡೆಯ ಬೇಲಿಯನ್ನು ನೋಡುತ್ತಿತ್ತು.

ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವರಿಗೆ ಕಂಡದ್ದು, ಗೌಡರ ಮನೆಯ ಜಗಲಿಯಲ್ಲಿ ಕವಚಿ ಮಲಗಿ ಬಂದೂಕಿನಲ್ಲಿ ಕಣ್ಣು ನೆಟ್ಟ ಗಡ್ಡದ ಒಬ್ಬ ಸಾಬರು. ಒಬ್ಬ ಮುದುಕರು ಮಾತ್ರ ಹತ್ತಿರ ಬಂದು, "ನಿಮ್ಮಪ್ಪ ಗೋಣಿಚೀಲದ ಯಾಪಾರ ಮಾಡ್ತಿದ್ರಲ್ವಾ? ಪುಣ್ಯಾತ್ಮ" ಎಂದು ಹೇಳಿ ಹೋದರು. ಅಷ್ಟರಲ್ಲಿ ಗೆಳೆಯ ಮೊಬೈಲು ತೆಗೆದು, "ಹಂಗೇ ಇರು, ಒಂದು ಫೋಟೋ" ಎಂದ.

"ಬೇಡ" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು.

"ಯಾಕೋ? ಫೇಸ್‌ಬುಕ್ಕಿಗೆ ಹಾಕಾನ."

"ನೀನು ಹಾಕಿದ್ರೆ ನಿನಗೆ ಲೈಕು ಬರ್ತಾವೆ. ನಾನಿರೋ ಫೋಟೋಕ್ಕೆ ನನಗೆ ಪ್ರಶ್ನೆ ಬರ್ತಾವೆ."

ಅವನು ಮೊಬೈಲನ್ನು ನಿಧಾನಕ್ಕೆ ಜೇಬಿಗೆ ಹಾಕಿಕೊಂಡ. ಹೊರಡುವಾಗ ನನ್ನ ಹೆಂಡತಿ ಹೇಳಿದ್ದೂ ಅದನ್ನೇ, ಎಲ್ಲಿ ಹೋದರೂ ಫೋಟೋಗೆ ನಿಲ್ಲಬೇಡಿ ಎಂದು. ಅಮ್ಮಿಯ 'ನಕ್ಕೋ' ಇಪ್ಪತ್ತನಾಲ್ಕು ವರ್ಷದಲ್ಲಿ ಬಂದೂಕಿನಿಂದ ಮೊಬೈಲಿನವರೆಗೆ ಬಂದಿತ್ತು.

*

ಜಮೀನಿನಲ್ಲೇ ಎರಡು ಗುಂಡು ಹಾರಿಸಿ ನೋಡಿದರಾಯಿತು ಎಂಬುದು ಗೆಳೆಯನ ಅಭಿಪ್ರಾಯ. ನಾನು ಒಪ್ಪಲಿಲ್ಲ. ಈ ಗುಂಡು ಸೆಕೆಂಡಿಗೆ ಸುಮಾರು 600 ಮೀಟರ್ ವೇಗದಲ್ಲಿ ಹೊರಡುತ್ತದೆ. ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಬಯಲುಸೀಮೆಯ ಅಂಚಿನ ನಮ್ಮೂರಿನಲ್ಲಿ ಒಂದು ಹಳ್ಳಿಯ ಹಿಂದೆ ಇನ್ನೊಂದು ಹಳ್ಳಿ. ಗುಂಡು ನಿಲ್ಲಿಸುವ ಮಣ್ಣಿನ ಗುಡ್ಡ ಇಲ್ಲದ ಕಡೆ ಹೊಸ ರೈಫಲ್ಲು ಮುಟ್ಟಕೂಡದು. ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಪಕ್ಕದ ಜಿಲ್ಲೆಯ ಅಂಥದೊಂದು ಮೈದಾನದಲ್ಲಿ ಅನುಮತಿ ಕೇಳಿದ. 2024ರ ಫೆಬ್ರುವರಿಯ ಒಂದು ಮುಂಜಾನೆಗೆ ಸಿಕ್ಕಿತು. ಒಬ್ಬ ಆರ್ಮರರ್, ಅಂದರೆ ಇಲಾಖೆಯ ಬಂದೂಕು ರಿಪೇರಿಯವರು, ಜೊತೆಗಿದ್ದರು. ಬಾಗಿಲಲ್ಲಿ ನನ್ನ ಹೆಸರು ಬರೆದುಕೊಂಡರು, ಆಧಾರ್ ನೋಡಿದರು, ಒಳಗೆ ಬಿಟ್ಟರು. ನಾನು ಅಷ್ಟಕ್ಕೇ ಬೆವರಿದ್ದೆ. ಅವರು ಅದನ್ನು ಎಲ್ಲರಿಗೂ ಮಾಡುತ್ತಿದ್ದರು ಎಂಬುದು ಆಮೇಲೆ ಕಂಡಿತು.

ಮೊದಲ ಮೂರು ಗುಂಡಿಗೆ, ಒಂದೊಂದು ಹಾರಿಸಿದ ಮೇಲೂ ನಳಿಗೆ ಒರೆಸಿದೆವು. ಹೊಸ ನಳಿಗೆಯೊಳಗಿನ ತಿರುವುಗೆರೆಗಳಲ್ಲಿ ಕಾರ್ಖಾನೆಯ ಹತಾರ ಬಿಟ್ಟ ತರಕಲು ಇರುತ್ತದೆ. ಗುಂಡಿನ ತಾಮ್ರ ಅಲ್ಲಿ ಕಚ್ಚಿಕೊಳ್ಳುತ್ತದೆ. ಹೀಗೆ ಒರೆಸುತ್ತಾ ಹತ್ತು, ಇಪ್ಪತ್ತು ಗುಂಡಿನವರೆಗೆ ಪಳಗಿಸಬೇಕು ಎನ್ನುವವರಿದ್ದಾರೆ. ಅದೆಲ್ಲ ಸುಮ್ಮನೆ, ಹಾರಿಸುತ್ತಾ ಹೋದರೆ ತಾನೇ ಪಳಗುತ್ತದೆ ಎನ್ನುವವರೂ ಇದ್ದಾರೆ. ಒಂದೊಂದು ತೋಟೆಯೂ ಪರವಾನಗಿ ಪುಸ್ತಕದ ಲೆಕ್ಕಕ್ಕೆ ಸೇರುವ ನಮ್ಮ ದೇಶದಲ್ಲಿ ಇಪ್ಪತ್ತು ಗುಂಡು ಪಳಗಿಸಲಿಕ್ಕೇ ಖರ್ಚು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆರ್ಮರರ್ ಮೂರು ಸಾಕು ಎಂದರು. ನಾವೂ ಸಾಕೆಂದೆವು.

ನಾಲ್ಕನೆಯದಕ್ಕೆ ಬೋಲ್ಟು ಅರ್ಧಕ್ಕೇ ನಿಂತಿತು. ಗೆಳೆಯ ಬಲ ಹಾಕತೊಡಗಿದ. "ನಿಲ್ಲಿಸು" ಎಂದೆ. ಈ ತೋಟೆಗೆ ಬುಡದಲ್ಲಿ ಅಂಚು ಇರುತ್ತದೆ. ಮ್ಯಾಗಜಿನಿಗೆ ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ಕೊಕ್ಕೆಯಾಗಿ ಮೇಲಿನದು ಮುಂದೆ ಹೋಗುವುದಿಲ್ಲ. ನಳಿಗೆಯನ್ನು ಗುರಿಹಲಗೆಯ ಕಡೆಗೇ ಇಟ್ಟು, ತೋಟೆ ತೆಗೆದು, ಮತ್ತೆ ಸರಿಯಾಗಿ ತುಂಬಿಸಿದೆವು. "ಬಲ ಹಾಕೋ ಕಡೆ ಬಲ ಹಾಕಬಾರದು ನೋಡಿ" ಎಂದು ಆರ್ಮರರ್ ನಕ್ಕರು.

ಐವತ್ತು ಮೀಟರಿನಲ್ಲಿ ಐದು ಗುಂಡು. ಗೆಳೆಯ ಮರಳಿನ ಚೀಲದ ಮೇಲೆ ಕೈಯಿಟ್ಟು ಮಲಗಿದ. ನಾನು ಪಕ್ಕದಲ್ಲಿ. "ನಿಶಾನಾ ನೋಡಬೇಡ. ಮಖ್ಖೀ ನೋಡು. ಮಖ್ಖೀ ಸ್ಪಷ್ಟವಾಗಿರಲಿ, ನಿಶಾನಾ ಮಸುಕಾದರೂ ಪರವಾಗಿಲ್ಲ" ಎಂದು ಉಸ್ತಾದರ ಪಾಠವನ್ನೇ ಹೇಳಿದೆ. ಅರ್ಧ ಉಸಿರು ಬಿಟ್ಟು ಹಿಡಿ. ಬೆರಳು ಎಳೆಯಬೇಡ, ಹಿಂಡು. ಮೊದಲ ಗುಂಡು ಹಾರಿದ ತಕ್ಷಣ ಅವನು ದುರ್ಬೀನಿನಲ್ಲಿ ನೋಡಿ, "ಎಡಕ್ಕೆ ಹೋಯ್ತು! ಮೊಳೆ ಸರ್ಸು" ಎಂದ. ನಾನು ಉಸ್ತಾದರ ದನಿಯಲ್ಲೇ ಹೇಳಿದೆ: ಒಂದು ಗುಂಡು ನೋಡಿ ತೀರ್ಪು ಕೊಡಬೇಡ. ಇನ್ನೂ ನಾಲ್ಕು ಹಾರಿಸು.

ಐದಾದ ಮೇಲೆ, ಬೋಲ್ಟು ತೆರೆದು ಖಾಲಿ ತೋರಿಸಿ, ಮೂವರೂ ಕಾಗದದ ಕಡೆಗೆ ನಡೆದೆವು. ಅಂಗೈಯಷ್ಟು ಜಾಗದಲ್ಲಿ ಐದು ತೂತು. ಗುಂಪು ಒಳ್ಳೆಯದೇ. ಆದರೆ ಗುಂಪಿನ ನಡು, ವೃತ್ತದ ನಡುವಿನಿಂದ ಎಡಕ್ಕೆ ಹತ್ತು ಸೆಂಟಿಮೀಟರ್. ಅಂದರೆ ಗೆಳೆಯನ ಕೈ ಸರಿಯಿದೆ, ಮಖ್ಖೀ ಸರಿಯಿಲ್ಲ. ಇನ್ನು ಲೆಕ್ಕ ಸುಲಭ. ಹಿಂದಿನ ನೋಟಕ್ಕೂ ಮುಂದಿನ ಮಖ್ಖೀಗೂ ನಡುವೆ ಸುಮಾರು ಅರ್ಧ ಮೀಟರ್. ಗುರಿ ಐವತ್ತು ಮೀಟರ್, ಅದರ ನೂರು ಪಟ್ಟು. ಹತ್ತು ಸೆಂಟಿಮೀಟರನ್ನು ನೂರರಿಂದ ಭಾಗಿಸಿದರೆ ಒಂದು ಮಿಲಿಮೀಟರ್. ಮಖ್ಖೀಯನ್ನು ಅಷ್ಟೇ ಸರಿಸಬೇಕು. ಯಾವ ಕಡೆಗೆ? ಎಲ್ಲರೂ ತಪ್ಪುವುದು ಇಲ್ಲೇ. ಗುಂಡು ಎಡಕ್ಕೆ ಹೋಗುತ್ತಿದ್ದರೆ ಮುಂದಿನ ಮಖ್ಖೀಯನ್ನು ಎಡಕ್ಕೇ ಸರಿಸಬೇಕು. ತಪ್ಪಿನ ಬೆನ್ನು ಹತ್ತಬೇಕು. ಆಗ ಅದನ್ನು ನಡುವಿಗೆ ತರಲು ನಾವು ನಳಿಗೆಯನ್ನೇ ಬಲಕ್ಕೆ ತಿರುಗಿಸುತ್ತೇವೆ. ಆರ್ಮರರ್ ಹಿತ್ತಾಳೆಯ ಉಳಿ ಇಟ್ಟು ಸಣ್ಣ ಸುತ್ತಿಗೆಯಿಂದ ಎರಡು ಸಲ ತಟ್ಟಿದರು. ಒಂದು ಮಿಲಿಮೀಟರ್ ಎಂದರೆ ಕಣ್ಣಿಗೆ ಕಂಡೂ ಕಾಣದಷ್ಟು.

ನಳಿಗೆ ತಣ್ಣಗಾಗಲೆಂದು ಮರದ ನೆರಳಿನಲ್ಲಿ ಕೂತಾಗ ಗೆಳೆಯ ಕೇಳಿದ: "ಇಷ್ಟೆಲ್ಲ ಗೊತ್ತಿದ್ದೂ ನೀನು ಸಿ ಸರ್ಟಿಫಿಕೇಟು ಯಾಕೋ ಬಿಟ್ಟೆ?"

ಅವನ ಮುಖ ನೋಡಿದೆ. ನಿಜವಾಗಿಯೂ ಗೊತ್ತಿಲ್ಲದವನ ಮುಖ. ಹೇಳಿದೆ. ಲಾರಿ, ಕಾರ್ಗಿಲ್, ಮಾತು, ನಗು.

"ನಾನೂ ನಕ್ಕಿದ್ನಾ?"

"ಹೂಂ."

ಬಹಳ ಹೊತ್ತಿನ ಮೇಲೆ, "ನಂಗೆ ನೆಪ್ಪೇ ಇಲ್ಲ ಕಣೋ" ಎಂದ.

ಇಪ್ಪತ್ತನಾಲ್ಕು ವರ್ಷ ನಾನು ಎದೆಯಲ್ಲಿಟ್ಟುಕೊಂಡದ್ದು ಅವನಿಗೆ ನೆನಪೇ ಇಲ್ಲ! ಸಿಟ್ಟು ಬಂತು. ಆಮೇಲೆ ಬೇರೆ ಏನೋ ಆಯಿತು. ನಾನು ಎಣಿಸತೊಡಗಿದೆ. 2004ರಲ್ಲಿ ಅಬ್ಬಾ ತೀರಿಕೊಂಡಾಗ ಆಲೂಗಡ್ಡೆ ಲೋಡು ಅರ್ಧಕ್ಕೆ ಬಿಟ್ಟು ಬಂದವನು ಇವನು. ಜನಾಜಾಕ್ಕೆ ಹೆಗಲು ಕೊಡಬಹುದೇ ಎಂದು ಕೇಳಿ ಕೊಟ್ಟವನು. ನನ್ನ ಮೊದಲ ಕಥೆ ಅಚ್ಚಾದ ಪತ್ರಿಕೆಯ ಹತ್ತು ಪ್ರತಿ ಕೊಂಡು ಊರಿನಲ್ಲಿ ಹಂಚಿದವನು. ಅಂಗಮಾರಿ ರೋಗ ಬಿದ್ದು ಆಲೂಗಡ್ಡೆ ಪೂರ್ತಿ ಕೊಳೆತ ವರ್ಷವೂ, ನನ್ನ ತಂಗಿಯ ಮದುವೆಗೆ ಎರಡು ಮೂಟೆ ರಾಗಿ ಇಳಿಸಿ ಹೋದವನು. ಇಷ್ಟು ತೂತುಗಳು ಒಂದೇ ಕಡೆ ಗುಂಪಾಗಿ ಬಿದ್ದಿವೆ. ನಾನು ಮಾತ್ರ ದೂರ ಬಿದ್ದ ಒಂದೇ ಒಂದನ್ನು ನೋಡಿ ಮಖ್ಖೀ ಸರಿಸಿಕೊಂಡು ಕೂತಿದ್ದೆ. ಅವನ ಕಡೆಗೆ ನನ್ನ ಗುರಿ ಅಷ್ಟು ವರ್ಷ ವಾರೆಯಾಗಿತ್ತು.

ಆದರೆ ಓದುಗರು ಇದನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ಆ ಲಾರಿಯಲ್ಲಿ ಹುಟ್ಟಿದ ಮಾತು ಒಂದೇ ಗುಂಡಾಗಿರಲಿಲ್ಲ. ಅದೇ ಮಾತನ್ನು ನಾನು ಬಸ್ಸಿನಲ್ಲಿ ಕೇಳಿದ್ದೇನೆ, ಬಾಡಿಗೆ ಮನೆ ಹುಡುಕುವಾಗ ಕೇಳಿದ್ದೇನೆ, ಕ್ರಿಕೆಟ್ ಪಂದ್ಯದ ದಿನ ಕೇಳಿದ್ದೇನೆ. ಅದೂ ಒಂದು ಗುಂಪೇ, ಒಂದೇ ಕಡೆಗೆ ಬೀಳುವಂಥದು. ಅಲ್ಲಿ ತಪ್ಪು ಒಬ್ಬನ ಕೈಯದಲ್ಲ, ನೋಟದ್ದು. ಅದಕ್ಕೆ ಹಾರಿಸಿದವರನ್ನು ಬೈದು ಪ್ರಯೋಜನವಿಲ್ಲ. ತಾಳ್ಮೆಯಿಂದ ಅಳೆದು, ಎಷ್ಟು ತಪ್ಪಿದೆಯೋ ಅಷ್ಟನ್ನೇ, ಉಳಿಯಿಟ್ಟು ತಟ್ಟಬೇಕು. ಒಬ್ಬ ಗೆಳೆಯನನ್ನೂ ಒಂದು ಸಮಾಜವನ್ನೂ ಒಂದೇ ಕಾಗದದಲ್ಲಿ ಅಳೆದದ್ದು ನನ್ನ ತಪ್ಪು.

ಗೆಳೆಯ ಕ್ಷಮೆ ಕೇಳಲಿಲ್ಲ. ನಾನೂ ಅದನ್ನು ಕಾಯಲಿಲ್ಲ. ಎದ್ದು, ಪ್ಯಾಂಟಿಗೆ ಹತ್ತಿದ ಮಣ್ಣು ಕೊಡವಿ, "ಇನ್ನೂ ಐದು ಹೊಡೀತೀನಿ. ಈ ಸಲ ಕಾಗದ ನೀನೇ ನೋಡಿ ಹೇಳು" ಎಂದ.

ಎರಡನೆಯ ಸಲದ ಗುಂಪು ಬಲಕ್ಕೆ ಎರಡು ಸೆಂಟಿಮೀಟರ್ ಹೋಗಿತ್ತು. ಆರ್ಮರರ್ ಅದನ್ನು ಬಿಡಿ ಎಂದರು. ನೊಣದ ಕಾಲಿನಷ್ಟು ತಟ್ಟಲು ಹೋದರೆ ಮತ್ತೆ ಎಡಕ್ಕೆ ಹೋದೀತು.

*

ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂದಾಗಲೆಲ್ಲ ಆಗುವಂತೆ ಪರವಾನಗಿ ಇರುವವರು ಕೋವಿ ಠಾಣೆಗೆ ಒಪ್ಪಿಸಬೇಕೆಂಬ ಸೂಚನೆ ಇವನಿಗೂ ಬಂತು. ಗು ರಿ ಕೂರಿಸಿ ಒಂದು ತಿಂಗಳೂ ಆಗಿರಲಿಲ್ಲ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದಲೇ ವಿನಾಯಿತಿ ಇದೆ; 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. "ನಂಗೂ ಒಂಚೂರು ನಂಬಿಕೆ ಇಡಬೌದಿತ್ತು" ಎಂದು ಗೊಣಗುತ್ತಾ ಹೋಗಿ ರಸೀತಿ ಪಡೆದು ಬಂದ. ನನಗೆ ಒಳಗೊಳಗೇ ಸ್ವಲ್ಪ ನಗು ಬಂತೆಂದು ಒಪ್ಪಿಕೊಳ್ಳುತ್ತೇನೆ. ಕೈ ನೀಡಿ ಪರೀಕ್ಷೆಗೆ ಒಡ್ಡಿಕೊಳ್ಳುವುದು ಹೇಗಿರುತ್ತದೆ ಎಂದು ಅವನಿಗೂ ಒಂದಿಷ್ಟು ತಿಳಿಯಲಿ.

ಜೂನಿನಲ್ಲಿ ಫಲಿತಾಂಶ ಬಂದ ಮೇಲೆ ರೈಫಲ್ಲು ವಾಪಸು ಬಂತು. ಅಷ್ಟರಲ್ಲಿ ಮಳೆ ಹಿಡಿದಿತ್ತು. ತೋಟದ ಮನೆಯ ತೇವಕ್ಕೆ ಮರದ ಹಿಡಿ ಉಬ್ಬುತ್ತದೆ, ನಳಿಗೆಯನ್ನು ಒತ್ತುತ್ತದೆ, ಕೂರಿಸಿದ ಗುರಿ ಸದ್ದಿಲ್ಲದೆ ಸರಿಯುತ್ತದೆ. ಒಂದು ಸಲ ಕೂರಿಸಿದರೆ ಜೀವಮಾನಕ್ಕೆ ಸಾಕು ಎನ್ನುವಂಥದ್ದಲ್ಲ ಅದು. ಪ್ರತಿ ಮಳೆಗಾಲ ಕಳೆದ ಮೇಲೂ ಕಾಗದ ಕಟ್ಟಿ ನೋಡಬೇಕು.

ಆ ದಿನದ ಎರಡನೆಯ ಕಾಗದ ನನ್ನ ಬಳಿ ಇದೆ. ಉರ್ದು ನಿಘಂಟಿನೊಳಗೆ, 'ಶಿಸ್ತ್' ಪದವಿರುವ ಪುಟದಲ್ಲಿ ಮಡಿಸಿಟ್ಟಿದ್ದೇನೆ. ಮೊನ್ನೆ ಅವನ ಫೋನು ಬಂತು: "ಮಳೆ ಬಿಡ್ತು. ಮತ್ತೆ ನೋಡ್ಬೇಕಲ್ಲ, ಬಾ." ನಾನು ಈ ಸಲ ಕಥೆ ನಿಲ್ಲಿಸಿಯೇ ಎದ್ದೆ.